ಯಂತ್ರಕ್ಕೆಲ್ಲಿಯ ಮೂಗು

"ಪಾಲಿಯೆಸ್ಟರ್" ಎಂದು ಯಂತ್ರ ಹೇಳಿಬಿಟ್ಟಿತು.

ಮೇಜಿನ ಮೇಲೆ ಬಿಳಿ ಬಟ್ಟೆಯ ಇಪ್ಪತ್ತು ಸುರುಳಿಗಳಿದ್ದವು. ಕಳಿಸಿದ ವ್ಯಾಪಾರಿ ಒಂದೊಂದಕ್ಕೂ 'ಶುದ್ಧ ರೇಷ್ಮೆ' ಎಂದು ಚೀಟಿ ಅಂಟಿಸಿದ್ದ. ಕ್ಯೋಟೊದ ಆ ಬಟ್ಟೆ ಅಚ್ಚಿನ ಮನೆಯ ಒಂಬತ್ತು ಜನವೂ ಕೈಯಲ್ಲಿದ್ದ ಕೆಲಸ ಬಿಟ್ಟು ಕಿಸಾಬುರೊನ ಕಡೆ ತಿರುಗಿದರು.

ಕಿಸಾಬುರೊಗೆ ಎಪ್ಪತ್ತೆರಡು. ತಲೆ ಪೂರ್ತಿ ಬೋಳು, ಹುಬ್ಬುಗಳು ಮಾತ್ರ ಇನ್ನೂ ಕರ್ರಗೆ ಪೊದೆಯ ಹಾಗೆ. ಅವನ್ನು ಗಂಟಿಕ್ಕಿ ಯಂತ್ರವನ್ನು ನೋಡಿದ. ನಲವತ್ತು ವರ್ಷದಿಂದ ಇಲ್ಲಿಗೆ ಬಂದ ಪ್ರತಿ ಬಟ್ಟೆಯ ಎಳೆ ಸುಟ್ಟು, ಮೂಸಿ, ಇದು ಇಂಥದ್ದು ಎಂದವನು ಅವನೇ. ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಪುಡಿಯಾದರೆ ರೇಷ್ಮೆ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಇದರಲ್ಲಿ ತಪ್ಪುವಂತಿಲ್ಲ. ರೇಷ್ಮೆಗೆ ಕೆಂಪು ಡಬ್ಬಿಯ ಬಣ್ಣ, ಸಾಧಾರಣ ಹಬೆ. ಪಾಲಿಯೆಸ್ಟರಿಗೆ ನೀಲಿ ಡಬ್ಬಿಯದು, ಕೆಂಡದಂಥ ಕಾವು. ಅದಲುಬದಲಾದರೆ ತೊಳೆಯುವ ಹೊತ್ತಿಗೆ ಹೂವು, ಬಳ್ಳಿ, ಕೊಕ್ಕರೆ ಎಲ್ಲ ನೀರುಪಾಲು.

"ಕಿಸಾಬುರೊ ಅವರೇ, ಮಾತು ನೆನಪಿದೆ ಅಲ್ವಾ?" ಎಂದಳು ಯಜಮಾನಿ ಚಿಜುರು. ಯಂತ್ರ ತರಿಸಿದವಳು ಅವಳೇ. "ಇವತ್ತು ಯಂತ್ರ ಗೆದ್ರೆ, ನಾಳೆಯಿಂದ ನೀವು ಮನೇಲಿ ಆರಾಮಾಗಿರ್ಬೇಕು."

"ನೆನಪಿದೆ ಕಣಮ್ಮಾ. ನಾನು ಮನೇಲಿದ್ರೆ ಯಾರಿಗೆ ಆರಾಮ ಅಂತ ನನ್ನ ಹೆಂಡ್ತೀನ ಒಂದ್ಮಾತು ಕೇಳಿ."

ಎಲ್ಲರೂ ನಕ್ಕರು. ಅವನು ಮಾತ್ರ ಒಳಗೊಳಗೇ ಹೆದರಿದ್ದ. ಈ ಕೆಲಸ ಹೋದರೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುವುದು? ಆ ಯೋಚನೆಗೇ ಅವನಿಗೆ ಅಳು ಬರುತ್ತಿತ್ತು.

ಸಾಲದ್ದಕ್ಕೆ ಒಂದು ಗುಟ್ಟು ಬೇರೆ. ಮೂರು ತಿಂಗಳ ಹಿಂದೆ ಹಿಡಿದ ನೆಗಡಿ ಹೋಗುವಾಗ ಅವನ ಮೂಗಿನ ಶಕ್ತಿಯನ್ನೂ ಕಟ್ಟಿಕೊಂಡು ಹೋಗಿತ್ತು. ಈಗ ಅವನಿಗೆ ಮೀನೂ ಒಂದೇ, ಮಲ್ಲಿಗೆಯೂ ಒಂದೇ. ಅಂದಿನಿಂದ ಎದುರು ಮೂಲೆಯಲ್ಲಿ ಅಂಟು ಕಲೆಸುವ ತೊಮಿಕೊಳ ಮೂಗೇ ಅವನ ಮೂಗು. ಕೂದಲು ಸುಟ್ಟ ವಾಸನೆ ಎಂದರೆ ಅವಳಿಗೆ ಆಗದು. ಅವಳ ಮೂಗು ಸುಕ್ಕಾಯಿತೋ, ರೇಷ್ಮೆ. ಇಲ್ಲವೋ, ಅಲ್ಲ.

ಅವನು ಕನ್ನಡಕ ತೆಗೆದಿಟ್ಟ. ಹತ್ತಿರದ್ದು ಮಂಜಾಯಿತು, ದೂರದ ತೊಮಿಕೊ ಸ್ಪಷ್ಟವಾದಳು. ದೀಪ ಹಚ್ಚಿ, ಚಿಮಟದಲ್ಲಿ ಎಳೆಯೊಂದನ್ನು ಹಿಡಿದು ಬಾಗಿದ.

ತೊಮಿಕೊಳ ಮೂಗು ಅಲ್ಲಾಡಲಿಲ್ಲ.

ಇನ್ನಷ್ಟು ಬಾಗಿದ. ಅಂಟಿನ ಬಕೀಟು ಅಡ್ಡ ಬಂತು. ತಲೆಯನ್ನು ಎಡಕ್ಕೆ ವಾಲಿಸಿ ಇಣುಕಿದ. ಹಣೆ ಬಿಸಿಯಾಯಿತು. ದಿಗಿಲಿಗೆ ಬೆವರುತ್ತಿದ್ದೇನೆ ಎಂದುಕೊಂಡ. ದೇವರೇ, ಒಂದೇ ಒಂದು ಸುಕ್ಕು!

ಬಂತು. ಬರೀ ಸುಕ್ಕಲ್ಲ. ತೊಮಿಕೊ ಕಣ್ಣರಳಿಸಿ, ಸೆರಗಿಲ್ಲದ್ದಕ್ಕೆ ತೋಳಿನಿಂದಲೇ ಮೂಗು ಮುಚ್ಚಿಕೊಂಡಳು. ಅವಳ ಹಿಂದಿದ್ದ ಅಚ್ಚಿನವರಿಬ್ಬರೂ ಮೂಗು ಹಿಡಿದುಕೊಂಡರು.

"ರೇಷ್ಮೆ!" ಎಂದು ಕಿಸಾಬುರೊ ಕೂಗಿಯೇಬಿಟ್ಟ. ತಟ್ಟೆಗೆ ಉದುರಿದ್ದ ಬೂದಿಯನ್ನು ಬೆರಳಲ್ಲಿ ಉಜ್ಜಿದ. ನುಣ್ಣಗೆ ಪುಡಿಯಾಯಿತು. "ನೋಡ್ಕೊಳ್ಳಿ!"

ಚಿಜುರು ಅವನ ಮುಖವನ್ನೇ ಬಹಳ ಹೊತ್ತು ನೋಡಿದಳು. ಅವಳ ತುಟಿ ಅದುರಿತು, ಕಣ್ಣಲ್ಲಿ ನೀರಾಡಿತು. ಆಮೇಲೆ ಹೋಗಿ ಯಂತ್ರದ ಗುಂಡಿ ಒತ್ತಿ ಆರಿಸಿ, ಅದರ ಮೇಲೊಂದು ಬಟ್ಟೆ ಹೊದಿಸಿದಳು.

"ಯಂತ್ರಕ್ಕೆಲ್ಲಿಯ ಮೂಗು ಪಾಪ" ಎಂದಳು. "ನಲವತ್ತು ವರ್ಷದಲ್ಲಿ ಈ ಮನೆಗೆ ಏನೇನೆಲ್ಲ ಕೊಟ್ರಿ. ಇವತ್ತು ಇದನ್ನೂ ಕೊಟ್ಟುಬಿಟ್ರಿ."

"ಮೇಷ್ಟ್ರೇ, ಒಂದೇ ಗಳಿಗೇಲಿ ನಿಮ್ಮ ಮುಖ ಎಷ್ಟು ಹಗುರ ಆಗ್ಹೋಯ್ತು!" ಎಂದಳು ತೊಮಿಕೊ.

"ದೊಡ್ಡ ಭಾರ ಇಳೀತಲ್ಲಮ್ಮ, ಅದಕ್ಕೆ."

ತೊಮಿಕೊ ಹೊರಗೆ ಓಡಿದಳು. ಬಾಗಿಲಾಚೆ ಅವಳ ಭುಜ ಕುಲುಕುತ್ತಿತ್ತು. ಎಂಥ ಮೃದು ಮನಸ್ಸಿನ ಹೆಂಗಸು, ತನಗಾಗಿ ಅಳುತ್ತಿದ್ದಾಳೆ ಎಂದುಕೊಂಡ ಕಿಸಾಬುರೊ.

ಮಧ್ಯಾಹ್ನ ಚಿಜುರು ಫೋನಿನಲ್ಲಿ ಆ ವ್ಯಾಪಾರಿಯನ್ನು ಹೊಗಳುವುದು ಕೇಳಿಸಿತು. "ನಿಮ್ಮ ರೇಷ್ಮೆ ಎಷ್ಟು ಗಟ್ಟಿ ಸ್ವಾಮೀ! ಮರಿಮಕ್ಕಳ ಕಾಲಕ್ಕೂ ಕರಗಲ್ಲ. ಇಂಥದ್ದನ್ನ ನಮಗೇ ಕಳಿಸಬೇಕು ಅಂತ ನಿಮಗೆ ಅನ್ನಿಸ್ತಲ್ಲ, ನಮ್ಮ ಪುಣ್ಯ." ಅತ್ತ ಕಡೆಯವನು ಯಾಕೋ ಕ್ಷಮೆ ಕೇಳುತ್ತಿದ್ದ ಹಾಗಿತ್ತು. ದೊಡ್ಡವರ ವಿನಯ ಎಂದುಕೊಂಡ ಕಿಸಾಬುರೊ.

ಹಬೆ ಕೋಣೆಯ ಹತ್ತಿರ ಹೋದರೆ ಬೇಯುವಷ್ಟು ಸೆಕೆ.

"ರೇಷ್ಮೆಗೆ ಇಷ್ಟು ಕಾವು ಯಾಕ್ರೋ?"

"ಚಳಿ ಅಲ್ವಾ ಮೇಷ್ಟ್ರೇ, ಅದಕ್ಕೆ" ಎಂದರು ಅಚ್ಚಿನವರು ನೆಲ ನೋಡುತ್ತ. ವಯಸ್ಸಾದ ತನ್ನ ಬಗ್ಗೆ ಎಷ್ಟು ಕಾಳಜಿ! ಅವನಿಗೆ ಮತ್ತೆ ಕಣ್ಣು ತುಂಬಿತು. ಸಂಜೆ ಸಾಮಾನು ಎತ್ತಿಡುವಾಗ ಚಿಮಟದ ಬಾಯಿ ಸರಿಯಾಗಿ ಕೂಡಲಿಲ್ಲ. ತುದಿಯಲ್ಲಿ ಏನೋ ಸಾಸಿವೆಯಷ್ಟು ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಹಳೇದಾಯಿತು ಎಂದುಕೊಂಡು ಪೆಟ್ಟಿಗೆಗೆ ಹಾಕಿದ.

ಹೊರಡುವಾಗ ಒಂಬತ್ತು ಜನವೂ ಸಾಲಾಗಿ ನಿಂತು ಸೊಂಟ ಬಾಗಿಸಿ ನಮಸ್ಕರಿಸಿದರು. ಎದ್ದಾಗ ಒಬ್ಬರೂ ಅವನ ಮುಖ ನೋಡಲಿಲ್ಲ. ಚಿಜುರು ಬಟ್ಟೆಯಲ್ಲಿ ಸುತ್ತಿದ ಪುಟ್ಟ ಗಂಟೊಂದನ್ನು ಎರಡೂ ಕೈಯಲ್ಲಿ ನೀಡಿದಳು.

"ಎಲ್ಲರೂ ಸೇರಿ ಕೊಡ್ತಿರೋದು. ನಾಳೆ ಬರೋ ಮುಂಚೆ ಬಿಚ್ಚಿ ನೋಡಿ."

ಚಳಿಗೆ ತಲೆವಸ್ತ್ರವನ್ನು ಕಣ್ಣಿನವರೆಗೂ ಎಳೆದುಕೊಂಡು ಅವನು ಹಾರುತ್ತಲೇ ಮನೆ ಸೇರಿದ.

"ಗೆದ್ದೆ ಕಣೇ! ಯಂತ್ರಕ್ಕೆ ಮುಸುಕು ಹಾಕಿಸಿಬಿಟ್ಟೆ!" ಎನ್ನುತ್ತ ತಲೆವಸ್ತ್ರ ಕಳಚಿದ.

ಮಿಸೊ ಸಾರು ಬಡಿಸುತ್ತಿದ್ದ ಹೆಂಡತಿ ಫುಸಾಳ ಸೌಟು ನಡುವೆಯೇ ನಿಂತಿತು.

"ಏನೇ?"

"ಏನಿಲ್ಲ ಕಣ್ರೀ" ಎಂದಳು ಅವಳು. ಅವಳೂ ಕ್ಯೋಟೊದವಳೇ, ಯಾವುದನ್ನೂ ನೇರವಾಗಿ ಹೇಳುವ ಊರಲ್ಲ ಅದು. "ಮೊದ್ಲು ಆ ಗಂಟು ಬಿಚ್ಚಿ."

ಮೇಲೊಂದು ಚೀಟಿ ಇತ್ತು, ಚಿಜುರುವಿನ ಮುದ್ದಾದ ಅಕ್ಷರ. 'ನಾಳೆ ಎಂದಿನಂತೆ ಎಂಟಕ್ಕೆ ಬನ್ನಿ. ನಾಡಿದ್ದೂ ಬನ್ನಿ. ಇದು ಎಡಗಡೆಗೆ ಮಾತ್ರ ಸಾಕು.'

ಚೀಟಿಯ ಕೆಳಗಿದ್ದದ್ದು ಹುಬ್ಬು ತೀಡುವ ಒಂದು ಕಪ್ಪು ಪೆನ್ಸಿಲ್.