ಹಗ್ಗ ಹಿಡಿಯುವವನು

ಒಲ್ಲೆ ಎಂದು ಹೇಳಿಬಿಡಲೆಂದೇ ಮುಚಿರಿ ಬೆಳಗಿನಿಂದ ಮೂರು ಸಲ ಚಪ್ಪಲಿ ಅಂಗಡಿಯ ಮುಂದೆ ಹಾದುಹೋಗಿದ್ದ. ಮೂರು ಸಲವೂ ಒಳಗೆ ಯಾರೋ ಇದ್ದರು. ನಾಲ್ಕನೆಯ ಸಲ ಯಾರೂ ಇರಲಿಲ್ಲ. ನೆಪಕ್ಕೂ ಬರಗಾಲ ಬಂದಿತ್ತು.

ನಾಳೆ ಬೆಳಿಗ್ಗೆ ಶಾಲೆಯ ಬಯಲಿನಲ್ಲಿ ಬ್ರಿಟಿಷರ ಬಾವುಟ ಇಳಿದು ಕೀನ್ಯಾದ ಬಾವುಟ ಏರಲಿತ್ತು. ಏರಿಸುವವನು ಚಪ್ಪಲಿ ಮಾಡುವ ವಾಂಬುಗು. ಊರಿನಿಂದ ಬಂದೀಖಾನೆಗೆ ಹೋದ ಹತ್ತು ಮಂದಿಯಲ್ಲಿ ಎಲ್ಲರಿಗಿಂತ ಹೆಚ್ಚು ಕಾಲ ಒಳಗಿದ್ದವನು ಅವನೇ. ಗೌರವ ಅವನಿಗೇ ಸಲ್ಲಬೇಕು. ಪಕ್ಕದಲ್ಲಿ ನಿಂತು ಹಗ್ಗ ಹಿಡಿಯುವವನನ್ನು ಆರಿಸುವ ಹಕ್ಕೂ ಅವನದೇ. ಅವನು ಮುಚಿರಿಯ ಹೆಸರು ಹೇಳಿದಾಗ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬರು ಕೆಮ್ಮಿದರು. ನಶ್ಯದ ಡಬ್ಬಿ ಒಂದು ಸುತ್ತು ತಿರುಗಿತು. ಆಮೇಲೆ ಆಗಲಿ ಎಂದರು.

"ಬಾರಯ್ಯ," ಎಂದ ವಾಂಬುಗು, ಹಳೆಯ ಲಾರಿ ಟೈರಿನಿಂದ ತಲೆಯೆತ್ತದೆ. "ನಾಲ್ಕನೇ ಸಲಕ್ಕಾದ್ರೂ ಒಳಗೆ ಬಂದ್ಯಲ್ಲ."

ಇಬ್ಬರೂ ಓರಗೆಯವರು. ಒಂದೇ ಬೆಳಿಗ್ಗೆ, ಒಂದೇ ಹೊಳೆಯ ತಣ್ಣೀರಿನಲ್ಲಿ ನಿಂತು, ಒಂದೇ ಕತ್ತಿಗೆ ಸುನ್ನತಿಯಾಗಿ ಗಂಡಸರೆನಿಸಿಕೊಂಡವರು. ಒಡಹುಟ್ಟಿದವರಿಗಿಂತ ಹೆಚ್ಚು. ಆಗ ಮುಚಿರಿಗೆ ಊರೆಲ್ಲ ಇಟ್ಟಿದ್ದ ಹೆಸರು ಆರ್ಬೆರಳ. ಎಡಗಾಲಿನಲ್ಲಿ ಕಿರುಬೆರಳಿನ ಪಕ್ಕಕ್ಕೆ ಇನ್ನೊಂದು ಅಂಟಿಕೊಂಡಿತ್ತು. "ನಿನಗೆ ಚಪ್ಪಲಿ ಮಾಡಬೇಕಾದರೆ ಟೈರು ಸಾಲದು, ಬಸ್ಸೇ ಬೇಕು," ಎಂದು ವಾಂಬುಗು ಸಂತೆಯ ನಡುವೆ ಕೂಗುತ್ತಿದ್ದ. ಮುಚಿರಿಗೆ ಸರ್ಕಾರಿ ಉಗ್ರಾಣದಲ್ಲಿ ಗುಮಾಸ್ತನ ಕೆಲಸವೂ ಕಪ್ಪು ಬೂಟೂ ಸಿಕ್ಕ ವರ್ಷ ಆ ಹೆಸರು ಇದ್ದಕ್ಕಿದ್ದಂತೆ ನಿಂತುಹೋಯಿತು. ತರಲೆ ಮಕ್ಕಳೂ ಮುಚಿರಿಯವರೇ ಎನ್ನತೊಡಗಿದವು. ಕುರ್ಚಿಗೆ ಸಿಗುವ ಮರ್ಯಾದೆ ಎಂದುಕೊಂಡ.

ಕುರ್ಚಿ ಸಿಕ್ಕಿದ್ದು ಹೇಗೆಂಬುದು ತನಗೊಬ್ಬನಿಗೇ ಗೊತ್ತು ಎಂದೂ ಅಂದುಕೊಂಡಿದ್ದ.

ಒಂಬತ್ತು ವರ್ಷಗಳ ಹಿಂದಿನ ಮಾತು. ಕಾಡಿನಲ್ಲಿ ಅಡಗಿ ಬಿಳಿಯರ ಮೇಲೆ ಕಾದುತ್ತಿದ್ದವರಿಗೆ ಆಣೆಯಿಟ್ಟು ನೆರವಾದವರು ಯಾರೆಂದು ಪತ್ತೆ ಮಾಡಲು ಊರಿನ ಗಂಡಸರನ್ನೆಲ್ಲ ಇದೇ ಶಾಲೆಯ ಬಯಲಿನಲ್ಲಿ ಸಾಲಾಗಿ ನಿಲ್ಲಿಸಿದ್ದರು. ಎದುರಿಗೆ ಒಬ್ಬ ನಿಂತಿದ್ದ. ತಲೆಯಿಂದ ಮೊಣಕಾಲವರೆಗೆ ಗೋಣಿಚೀಲ, ಕಣ್ಣಿನ ಬಳಿ ಎರಡು ತೂತು. ಒಬ್ಬೊಬ್ಬನನ್ನೇ ಅವನ ಮುಂದೆ ತಂದರು. ಚೀಲ ಹೌದೆಂದು ತಲೆಯಾಡಿಸಿದರೆ ಲಾರಿಗೆ, ಸುಮ್ಮನಿದ್ದರೆ ಮನೆಗೆ.

ಚೀಲದೊಳಗಿದ್ದವನು ಮುಚಿರಿ. ಎರಡು ದಿನ ಬಡಿದಿದ್ದರು. ಹತ್ತು ಮಂದಿ ಬೇಕು, ಇಲ್ಲವಾದರೆ ಹತ್ತನೆಯವನು ನೀನೇ ಎಂದಿದ್ದರು. ಒಂಬತ್ತಾಗಿತ್ತು. ಸಾಲು ಮುಗಿಯುತ್ತ ಬಂದಿತ್ತು. ಕೊನೆಯವನಾಗಿ ಬಂದು ನಿಂತವನು ವಾಂಬುಗು. ಆಣೆಯಿಡದವನು, ಕಾಡಿನ ದಾರಿ ತುಳಿಯದವನು. ಚೀಲ ತಲೆಯಾಡಿಸಿತು.

ಅದಾದ ಮೇಲೆ ಮುಚಿರಿ ಒಂದು ದಿನವೂ ಅದನ್ನು ಮರೆಯಲಿಲ್ಲ. ಚೀಲದೊಳಗಿನ ಜೋಳದ ಹೊಟ್ಟಿನ ವಾಸನೆ. ಮೊಣಕಾಲ ಕೆಳಗೆ ಬರಿಗಾಲನ್ನು ಕೊರೆಯುತ್ತಿದ್ದ ಇಬ್ಬನಿ. ಇವುಗಳ ನಡುವೆ ಒಂದೇ ಒಂದು ಸಮಾಧಾನ: ಯಾರೂ ತಲೆಯೆತ್ತಬಾರದೆಂದು ಬಿಳಿ ಅಧಿಕಾರಿ ಕೋವಿಯ ಹಿಡಿಯಿಂದ ತಿವಿಸುತ್ತಿದ್ದ, ಒಬ್ಬನೂ ಚೀಲದತ್ತ ಕಣ್ಣೆತ್ತಿರಲಿಲ್ಲ. ತೂತಿನಿಂದ ಅವನಿಗೆ ಕಂಡದ್ದು ಬರೀ ನೆತ್ತಿಗಳು.

ವಾಂಬುಗು ಆರು ವರ್ಷ ಒಳಗಿದ್ದ. ಅಷ್ಟರಲ್ಲಿ ಅವನ ಹೆಂಡತಿ ವಂಗಾರಿ ಕಂದಕ ತೋಡುವ ಬಿಟ್ಟಿ ಕೆಲಸದಲ್ಲಿ ಕುಸಿದು ಸತ್ತಳು. ಅವಳ ಗುಂಡಿಯನ್ನು ಮುಚಿರಿ ಒಬ್ಬನೇ ತೋಡಿದ. ಊರವರು ನೋಡುತ್ತ ನಿಂತಿದ್ದರು. ಹೊಗಳಲೂ ಇಲ್ಲ, ಸನಿಕೆ ಕೊಡು ಎನ್ನಲೂ ಇಲ್ಲ.

"ನಾಳೆ ಹಗ್ಗ ಬೇರೆ ಯಾರಾದ್ರೂ ಹಿಡೀಲಿ," ಎಂದ ಮುಚಿರಿ.

"ಯಾಕೆ, ಉಗ್ರಾಣದ ಬೀಗ ತಿರುಗಿಸಿ ಕೈ ಸೋತಿದ್ಯಾ?"

"ನಾನು ಅದಕ್ಕೆ ತಕ್ಕವನಲ್ಲ."

"ನಾನು ತಕ್ಕವನಾ?" ವಾಂಬುಗು ಬಾಯಲ್ಲಿ ಕಚ್ಚಿಕೊಂಡಿದ್ದ ಮೊಳೆಗಳ ನಡುವಿನಿಂದ ನಕ್ಕ. "ಕಾಡಿಗೆ ಹೋದವರು ಗುರುತಿಲ್ಲದ ಹಾಗೆ ಸತ್ತರು. ನಾನು ಚಪ್ಪಲಿ ಹೊಲೀತಾ ಕೂತಿದ್ದೆ. ಒಂದು ಚೀಲ ತಲೆ ಆಡಿಸ್ತು, ನೋಡು, ದೇಶಭಕ್ತ ಆಗ್ಬಿಟ್ಟೆ. ಇಲ್ಲದಿದ್ರೆ ನಾಳೆ ನಾನೂ ಹಿಂದೆ ನಿಂತು ಕತ್ತು ಉದ್ದ ಮಾಡ್ಬೇಕಿತ್ತು."

ಮುಚಿರಿ ನಗಲಿಲ್ಲ. ಹೇಳಿದರೆ ಮನೆ ಹೋಗುತ್ತದೆ, ಊರು ಹೋಗುತ್ತದೆ. ಪಕ್ಷದ ಯುವಕರು ಹಳೆಯ ಚೀಲಗಳನ್ನು ಹುಡುಕುತ್ತ ಪಂಗಾ ಕತ್ತಿ ಮಸೆಯುತ್ತಿದ್ದರು. ಹೇಳದೆ ಆ ಹಗ್ಗ ಹಿಡಿಯುವುದೋ, ಅದಕ್ಕಿಂತ ಪಂಗಾದ ಏಟೇ ವಾಸಿ.

"ಆ ಚೀಲದ ವಿಷಯಾನೇ ಹೇಳಬೇಕಿತ್ತು," ಎಂದ. "ಅವತ್ತು ಅದರೊಳಗೆ—"

"ಬೂಟು ಬಿಚ್ಚು."

"ಏನು?"

"ಬೂಟು ಬಿಚ್ಚು ಅಂದೆ. ಉಹುರು, ಸ್ವಾತಂತ್ರ್ಯ ಅಂತ ಊರೆಲ್ಲ ಕುಣೀತಿರೋವಾಗ ಹಗ್ಗ ಹಿಡಿದೋನು ಬಿಳಿಯರ ಬೂಟಲ್ಲಿ ನಿಂತಿದ್ರೆ ಚೆನ್ನಾಗಿರುತ್ತಾ?" ವಾಂಬುಗು ಹಲಗೆಯ ಕೆಳಗಿನಿಂದ ಒಂದು ಜೊತೆ ಟೈರಿನ ಚಪ್ಪಲಿ ತೆಗೆದು ಮುಂದಿಟ್ಟ. ಹೊಸದಲ್ಲ. ರಬ್ಬರಿನ ಮೇಲೆ ವರ್ಷಗಳ ದೂಳಿತ್ತು. "ಒಳಗಿದ್ದಾಗ ಮಾಡಿದ್ದು. ಮೊದಲ ವರ್ಷವೇ. ಆಗ ಒಬ್ಬನ ಕೊರಳಿಗೆ ಸುತ್ತೋ ಹಾಗೆ ಹಗ್ಗ ಹೊಸೀಬೇಕು ಅನ್ನಿಸ್ತಿತ್ತು. ಕೈಗೆ ಗೊತ್ತಿದ್ದದ್ದು ಇದೊಂದೇ. ಹಾಕ್ಕೊ."

ಮುಚಿರಿ ಬೂಟು ಬಿಚ್ಚಿ ಎಡಗಾಲು ತೂರಿಸಿದ. ಪಟ್ಟಿ ಹೊರಬದಿಗೆ ಒಂದು ಬೆರಳಿನಷ್ಟು ಅಗಲವಾಗಿತ್ತು. ಎಲ್ಲಿಯೂ ಒತ್ತಲಿಲ್ಲ.

"ಅಳತೇನೇ ಕೊಟ್ಟಿರಲಿಲ್ಲ," ಎಂದ ಅವನು, ಧ್ವನಿ ತನ್ನದಲ್ಲವೆಂಬಂತೆ. "ಇಷ್ಟು ಸರಿಯಾಗಿ ಹೇಗೆ ನೆನಪಿಟ್ಟೆ?"

"ತಲೆ ಬಗ್ಗಿಸಿ ನಿಂತ ಊರಿಗೆ ಕಾಲು ಬಿಟ್ಟು ಇನ್ನೇನು ಕಾಣುತ್ತೋ, ಆರ್ಬೆರಳ?"