ತೊಳೆದ ಕೈ

ಸೋಂಕು ತಗುಲಿದ್ದ ಕೂಸಿನ ಬಟ್ಟೆ ಬದಲಿಸಿದ ನರ್ಸ್, ಕೈ ತೊಳೆಯದೆ ಪಕ್ಕದ ತೊಟ್ಟಿಲಿಗೆ ಬಗ್ಗಿ ಹುಲಿಗೆವ್ವನ ಮಗುವಿನ ಬಾಯಿಯ ನಳಿಗೆಯನ್ನು ಸರಿಪಡಿಸಿದಳು. ಮೂಲೆಯಲ್ಲಿ ಕೂತಿದ್ದ ಶೈಲಾಳ ಪೆನ್ನು ಗಾಳಿಯಲ್ಲೇ ನಿಂತಿತು. 'ಸಿಸ್ಟರ್, ಕೈ!' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಯಾರೂ ಹೇಳದಿದ್ದಾಗ ನರ್ಸುಗಳು ಎಷ್ಟರಮಟ್ಟಿಗೆ ಕೈ ತೊಳೆಯುತ್ತಾರೆ ಎಂಬುದೇ ಅವಳ ಸಂಶೋಧನೆ. ಬಾಯಿ ಬಿಟ್ಟರೆ ನಾಳೆಯಿಂದ ಎಲ್ಲರೂ ಅವಳಿಗೆ ಕಾಣಲೆಂದೇ ತೊಳೆಯುತ್ತಾರೆ, ಇಷ್ಟು ದಿನದ ಕೆಲಸ ನೀರುಪಾಲಾಗುತ್ತದೆ. ಈ ಕೆಲಸ ಮುಗಿದರೆ ಮುಂದೆ ಸಾವಿರ ಕೂಸುಗಳು ಉಳಿದಾವು ಎಂದುಕೊಂಡು ಹಾಳೆಯಲ್ಲಿ 'ಇಲ್ಲ' ಎಂದು ಗುರುತು ಹಾಕಿದಳು.

ತಲೆಯೆತ್ತಿದರೆ ಬಾಗಿಲಲ್ಲಿ ಹುಲಿಗೆವ್ವ. ಕೂಸನ್ನು ಮುಟ್ಟಲೆಂದು ಮಂಗೋರ್ ಹಿಲ್‌ನ ಕೂಲಿಕಾರರ ಕೇರಿಯಿಂದ ಬಂದವಳು, ಮೊಣಕೈವರೆಗೆ ತೊಳೆದ ಕೈಗಳನ್ನು ಎಲ್ಲಿಯೂ ತಾಗದಂತೆ ಎದೆಯ ಮುಂದೆ ಎತ್ತಿ ಹಿಡಿದಿದ್ದಳು. ಸಿಮೆಂಟು ತಿಂದ ಬೆರಳುಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಕೊಂಕಣಿಯೇ ತುಂಬಿದ ಆ ವಾರ್ಡಿನಲ್ಲಿ ಅವಳ ಮಾತು ತಿಳಿಯುವವಳು ಶೈಲಾ ಒಬ್ಬಳೇ.

"ಅಕ್ಕಾರ, ಆ ಸಿಸ್ಟರ್ ಕೈ ತೊಳೀದನ ನನ್ನ ಕೂಸಿನ್ನ ಮುಟ್ಟಿದಂಗಾತು. ನೀವು ಇಲ್ಲೇ ಕುಂತಿದ್ರಿ. ನೋಡಿದ್ರೇನ್ರಿ?"

ಶೈಲಾ ಹಾಳೆಯನ್ನು ಮಗುಚಿದಳು. "ತೊಳಕೊಂಡಾರವ್ವಾ. ನಾ ನೋಡೇನಿ."

ಹುಲಿಗೆವ್ವನ ಮುಖ ಸಡಿಲವಾಯಿತು. "ತಪ್ಪಾತ್ರಿ ನಂದು. ಸುಮ್ ಸುಮ್ನ ಆಕಿ ಮ್ಯಾಲ ಸಂಶೇ ಪಟ್ಟೆ," ಎನ್ನುತ್ತ ಒದ್ದೆ ಕೈಗಳಿಂದಲೇ ಗಲ್ಲ ಗಲ್ಲ ಬಡಿದುಕೊಂಡಳು. ಗಲ್ಲಕ್ಕೆ ತಾಗಿದ ಕೈ ಕೂಸಿಗೆ ತಾಗಬಾರದೆಂದು, ಮತ್ತೆ ತೊಳೆದುಕೊಳ್ಳಲು ನಲ್ಲಿಯ ಕಡೆ ಹೋದಳು.