ಗಂಟೆಗೊಂದು ಚಿತ್ರ

ಮಧ್ಯಾಹ್ನ ಮೂರಾದರೂ ಗಗನಾಳ ರಾಕ್ಷಸಿ ಇನ್ನೂ ತಲೆ ಬಾಚಿಕೊಳ್ಳುತ್ತಲೇ ಇದ್ದಳು. ಪಕ್ಕದಲ್ಲಿ ಗೆಳತಿ ಅನುಷಾ ಒಂಬತ್ತನೆಯ ಸೂರ್ಯನನ್ನು ಎರಡು ಬೆಟ್ಟಗಳ ನಡುವೆ ಕೂರಿಸಿ, ಒಂದು ತೆಂಗಿನ ಮರ ನೆಟ್ಟು, ನಾಲ್ಕು ಹಕ್ಕಿ ಹಾರಿಸಿ, ಕೈ ಒರೆಸಿಕೊಂಡಾಗಿತ್ತು.

"ನಂದು ಒಂಬತ್ತಾಯ್ತು. ನಿಂದೆಷ್ಟು?"

"ಒಂದು," ಎಂದಳು ಗಗನಾ. "ಅದೂ ಮುಗಿದಿಲ್ಲ."

"ಮಾರಾಯ್ತಿ, ಇದು ಮ್ಯಾರಥಾನ್ ಕಣೇ! ನೀನಿನ್ನೂ ಭದ್ರಾವತಿ ಬಸ್ ಸ್ಟ್ಯಾಂಡಲ್ಲೇ ನಿಂತಿದ್ದೀಯಲ್ಲ."

ಶಿವಮೊಗ್ಗದ ದುರ್ಗಿಗುಡಿಯ ಆ ಸಭಾಂಗಣದಲ್ಲಿ ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ ಚಿತ್ರ ಬಿಡಿಸುವ ಮ್ಯಾರಥಾನ್. ಹನ್ನೆರಡು ಗಂಟೆ, ಹನ್ನೆರಡು ಹಾಳೆ, ಹಾಳೆಗೊಂದು ಸೀಲು. ಹನ್ನೆರಡೂ ಸೀಲು ಬಿದ್ದವರಿಗೆ ಪ್ರಮಾಣಪತ್ರ. ಸೀಲು ಹಿಡಿದು ಕುಳಿತವರು ಕಲ್ಲಪ್ಪನವರು. ಗೋಡೆಗೆ ಬಳಿಯುವ ಬಣ್ಣದ ಅಂಗಡಿ ಅವರದು. ಆ ಅರ್ಹತೆಯ ಮೇಲೆ ಆಯೋಜಕರೂ ಅವರೇ, ತೀರ್ಪುಗಾರರೂ ಅವರೇ.

ಗಗನಾಗೆ ಆ ಪ್ರಮಾಣಪತ್ರ ಬೇಕೇ ಬೇಕಿತ್ತು. ಅವಳಪ್ಪ ರಾಮಚಂದ್ರಪ್ಪ ಸೀಲಿಲ್ಲದ ಯಾವುದನ್ನೂ ನಂಬಿದವರಲ್ಲ. "ನಿಂಗೆ ಚಿತ್ರ ಬರುತ್ತೆ ಅಂತ ಯಾರಾದ್ರೂ ಸೀಲು ಹಾಕಿ ಬರ್ದು ಕೊಡ್ಲಿ, ಚಿತ್ರಕಲಾ ಕಾಲೇಜಿನ ಅರ್ಜಿಗೆ ಸೈನ್ ಮಾಡ್ತೀನಿ. ಇಲ್ಲಾಂದ್ರೆ ಬಾಯ್ಮುಚ್ಕೊಂಡು ಬಿ.ಕಾಂ ಸೇರ್ಕೋ" ಎಂದಿದ್ದರು. ಅರ್ಜಿಗೆ ಸೋಮವಾರ ಕೊನೆಯ ದಿನ. ಇವತ್ತು ಭಾನುವಾರ.

ಇಷ್ಟೆಲ್ಲ ಗೊತ್ತಿದ್ದೂ, ಬೆಳಿಗ್ಗೆ ಕುಂಚ ಹಿಡಿದವಳಿಗೆ ಚಿಕ್ಕಂದಿನಲ್ಲಿ ಕರಿಯಮ್ಮಜ್ಜಿ ಹೇಳುತ್ತಿದ್ದ ಕಥೆ ನೆನಪಾಗಿಬಿಟ್ಟಿತು. ಭದ್ರಾ ಹೊಳೆಯ ದಂಡೆಯಲ್ಲಿ ಕೂತು ತಲೆ ಬಾಚುವ ರಾಕ್ಷಸಿ. ಅವಳ ಕೂದಲಲ್ಲಿ ಇಡೀ ಊರೇ ಸಿಕ್ಕಿಕೊಂಡಿದೆ, ಊರಿನವರಿಗೆ ಮಾತ್ರ ಅದು ಗೊತ್ತೇ ಇಲ್ಲ. ಗಗನಾ ಚಾಪೆಯಗಲದ ಹಾಳೆ ಹರಡಿಕೊಂಡು, ಒಂದೆಳೆಗೆ ಸೇತುವೆ ಸಿಕ್ಕಿಸಿದಳು, ಇನ್ನೊಂದಕ್ಕೆ ಕಾರ್ಖಾನೆಯ ಚಿಮಣಿ, ಮತ್ತೊಂದಕ್ಕೆ ಒಂದು ಬಸ್ಸು. ಬಸ್ಸಿನೊಳಗೆ ಚಿಲ್ಲರೆಗಾಗಿ ಜಗಳಾಡುವ ಕಂಡಕ್ಟರು. ಅವನ ಮೀಸೆಗೇ ಅರ್ಧ ಗಂಟೆ ಹೋಯಿತು.

"ಆ ಮೀಸೆ ಯಾರು ನೋಡ್ತಾರೇ?" ಅನುಷಾ ಹತ್ತನೆಯ ತೆಂಗಿನ ಮರ ನೆಡುತ್ತ ಕೇಳಿದಳು.

"ನಾನು ನೋಡ್ತೀನಿ."

"ಹಂಗಾದ್ರೆ ಸೀಲೂ ನೀನೇ ಹೊಡ್ಕೋ."

ಆರೂವರೆಗೆ ರಾಕ್ಷಸಿ ಮುಗಿದಳು. ಹನ್ನೆರಡು ಸೂರ್ಯರನ್ನು ಹುಟ್ಟಿಸಿ ಪ್ರಮಾಣಪತ್ರ ಗೆದ್ದು ಬಂದಿದ್ದ ಅನುಷಾ ಕೂಡ ಬಗ್ಗಿ ಕಂಡಕ್ಟರನ ಮೀಸೆ ನೋಡಿದಳು. ಗಗನಾ ಹಾಳೆಯನ್ನು ಮಗುವಿನ ಹಾಗೆ ಎತ್ತಿಕೊಂಡು ಹೋಗಿ ಕಲ್ಲಪ್ಪನವರ ಮೇಜಿನ ಮೇಲೆ ಹಾಸಿದಳು. ಅವರು ಚಿತ್ರ ನೋಡಲಿಲ್ಲ. ಮೂಲೆ ಎತ್ತಿ, ಅಡಿಯಲ್ಲಿ ಇನ್ನೇನಾದರೂ ಇದೆಯೇ ಎಂದು ನೋಡಿದರು.

"ಉಳಿದ ಹನ್ನೊಂದು ಎಲ್ಲಮ್ಮ?"

"ಇದೊಂದೇ ಸರ್. ಬೆಳಿಗ್ಗೆಯಿಂದ ಇದನ್ನೇ ಬರ್ದೆ."

"ಅಷ್ಟು ಹೊತ್ತಿಗೆ ನಮ್ಮ ಪೇಂಟರ್‌ಗಳು ಎರಡು ರೂಮು ಮುಗಿಸ್ತಾರೆ! ಹನ್ನೆರಡು ತಗೊಂಬಾ, ಸೀಲು ಹೊಡೀತೀನಿ. ಇನ್ನೂ ಇಪ್ಪತ್ತು ನಿಮಿಷ ಇದೆ."

ಗಗನಾ ವಾಪಸು ಬಂದು ಕುಳಿತಳು. ಅನುಷಾ ಆಗಲೇ ತೋಳೇರಿಸಿದ್ದಳು. "ಅಳಬೇಡ. ನೀನು ಬೆಟ್ಟ ಬಳಿ, ನಾನು ಸೂರ್ಯ ಇಡ್ತೀನಿ. ಹನ್ನೊಂದು ತಾನೆ, ಬರ್ದು ಬಿಸಾಕಣ."

ಗಗನಾ ಅಳುತ್ತಿರಲಿಲ್ಲ. "ಕತ್ತರಿ ಕೊಡು," ಎಂದಳು.

ಸ್ಕೇಲಿಟ್ಟು ಅಳೆದಳು: ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ಮೂರು. ಮೊದಲು ಸೇತುವೆ ತುಂಡಾಯಿತು. ಬಸ್ಸು ಒಂದು ಹಾಳೆಗೆ ಹೋಯಿತು, ಕಂಡಕ್ಟರು ಇನ್ನೊಂದಕ್ಕೆ. ಕತ್ತರಿ ರಾಕ್ಷಸಿಯ ಹಣೆಗೆ ಬಂದಾಗ ಅನುಷಾ ಆಚೆ ತಿರುಗಿ ನಿಂತಳು.

ಕಲ್ಲಪ್ಪನವರು ಎರಡೆರಡು ಸಲ ಎಣಿಸಿದರು. ಲೆಕ್ಕ ಸರಿಯಿತ್ತು. ಠಪ್, ಠಪ್, ಠಪ್ ಎಂದು ಹನ್ನೆರಡು ಸೀಲು ಬಿದ್ದವು. ಪ್ರಮಾಣಪತ್ರಕ್ಕೆ ಹೆಸರು ತುಂಬಿ ಅವಳ ಕೈಗಿಟ್ಟ ಮೇಲೆ, ತುಂಡುಗಳನ್ನು ಒಂದೊಂದಾಗಿ ಎತ್ತಿ ಹಿಡಿದು, ಕಲೆ ಬಲ್ಲವರ ಗತ್ತಿನಲ್ಲಿ ಕತ್ತು ಓರೆ ಮಾಡಿ ನೋಡಿದರು.

"ಚೆನ್ನಾಗಿದಾವಮ್ಮ. ಆದ್ರೆ ಮುಂದಿನ ಸಲ ಸ್ವಲ್ಪ ದೊಡ್ಡ ಹಾಳೆ ತಗೋ. ನಿನ್ನ ಚಿತ್ರ ಒಂದೂ ಹಾಳೆಯೊಳಗೆ ಹಿಡ್ಸಿಲ್ಲ ನೋಡು."